ಯಾರ ತಲೆ ಬಾಚುತ್ತೀರಿ?

"ಮುಖ ತೊಳೀತೀನಿ, ತಲೆ ಬಾಚ್ತೀನಿ, ಉಗುರು ಕತ್ತರಿಸ್ತೀನಿ, ಬಟ್ಟೆ ಉಡಿಸ್ತೀನಿ," ಎಂದಳು ಭಾವನ ಜೊತೆ ಬಂದಿದ್ದ ನಾದಿನಿ, ಪರದೆಯ ಕಡೆ ಬಾಗಿ. ಉದ್ಯಮ ನೋಂದಣಿ ಕಚೇರಿಯ ಎಐ ಸಹಾಯಕ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರಿಸಿತು: "ನಿಮ್ಮ ಉದ್ಯಮ ಸೌಂದರ್ಯ ಸೇವೆ. ಆ ವಿಭಾಗದ ಕೋಡನ್ನೇ ದಾಖಲಿಸಲೇ?"

ಪಕ್ಕದಲ್ಲಿ ನಿಂತಿದ್ದ ಭಾವನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮಾರುಕಟ್ಟೆ ಬೀದಿಯಲ್ಲಿದ್ದ ತನ್ನ ಖಾಲಿ ಅಂಗಡಿಯನ್ನು ಹೆಂಡತಿಯ ತಂಗಿಗೆ ಕೊಡಲು ಆತ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಕಾಗದದಲ್ಲೂ ಬೋರ್ಡಿನಲ್ಲೂ ಬ್ಯೂಟಿ ಪಾರ್ಲರ್ ಎಂದೇ ಇರಬೇಕು. ಕೆಲಸದ ಪೆಟ್ಟಿಗೆಗಳನ್ನು ಮಂಚದ ಕೆಳಗೆ ತಳ್ಳಿಕೊಂಡು ಬದುಕುತ್ತಿದ್ದ ಅವಳಿಗೆ ತನ್ನದೇ ಒಂದು ಅಂಗಡಿ ಸಿಗುವುದೆಂದರೆ ಸಣ್ಣ ಮಾತಲ್ಲ. "ಹೂಂ ಅನ್ನು, ಹೂಂ ಅನ್ನು," ಎಂದು ಆತ ಮೊಣಕೈಯಿಂದ ತಿವಿದ.

ಕೌಂಟರಿನ ಒಳಗಿದ್ದ ಕನ್ನಡಕದಾಕೆ ಅಷ್ಟರಲ್ಲಿ ಕೈ ಅಡ್ಡ ಹಿಡಿದಳು. ಸಹಾಯಕ ತಪ್ಪು ಕೋಡ್ ಕೊಡದಂತೆ ತಿದ್ದುವುದೇ ಅವಳ ಉದ್ಯೋಗ. ಗೊಂಬೆ ರಿಪೇರಿ ಮಾಡುವವನನ್ನು ಅದು ಆಸ್ಪತ್ರೆ ಎಂದು ಬರೆದದ್ದುಂಟು. ಹೊಸ ಅಳಿಯನ ಹಾಗೆ ಅದಕ್ಕೆ ಎದುರಿನವರ ಮಾತು ಮುಗಿಯುವ ಮೊದಲೇ ಎಲ್ಲ ಗೊತ್ತಾಗಿಬಿಡುತ್ತದೆ.

"ಕೋಡ್ ಪುಸ್ತಕ ತೆಗೆದು ನೋಡಿದೆಯಾ?" ಎಂದು ಅದನ್ನು ಕೇಳಿದಳು.

"ಇಲ್ಲ. ಪದಗಳನ್ನು ಕೇಳಿ ಊಹಿಸಿದೆ."

"ಊಹೆ ಬೇಡ. ತೆಗೆದು ಓದು. ಅನುಮಾನ ಬಂದ್ರೆ ಅವರನ್ನೇ ಕೇಳು."

"ಬಿಡಿ ಮೇಡಂ, ಅದೇ ಹೇಳ್ತಲ್ಲ," ಎಂದ ಭಾವ. "ನಿಮಗ್ಯಾಕೆ ಇಲ್ಲದ ಉಸಾಬರಿ?"

"ಅದು ಹೇಳಿದ್ದಕ್ಕೆಲ್ಲ ತಲೆ ಆಡಿಸೋದಾಗಿದ್ರೆ ನನ್ನನ್ನ ಇಲ್ಲಿ ಯಾಕೆ ಕೂರಿಸ್ತಿದ್ರು? ಇವತ್ತು ಇಲ್ಲಿ ತಪ್ಪು ಕಲಿತರೆ ನಾಳೆ ಊರಿಗೆಲ್ಲ ಅದನ್ನೇ ಹೇಳುತ್ತೆ."

ಪರದೆಯ ಮೇಲೆ ಪುಟಗಳು ಸರಿದವು. ಸಹಾಯಕ ಈ ಸಲ ಅವಸರ ಮಾಡಲಿಲ್ಲ. "ಈ ಕೆಲಸಗಳು ಎರಡು ವಿಭಾಗಗಳಲ್ಲಿ ಬರುತ್ತವೆ. ನೀವು ಯಾರ ತಲೆ ಬಾಚುತ್ತೀರಿ?"

"ಹೆಂಗಸರದು, ಗಂಡಸರದು, ಬಂದವರದು," ಎಂದು ಭಾವ ನಡುವೆ ಬಾಯಿ ಹಾಕಿದ.

"ಸತ್ತವರದು," ಎಂದಳು ನಾದಿನಿ.

ಸಾಲಿನಲ್ಲಿ ಬೆನ್ನಿಗಂಟಿ ನಿಂತಿದ್ದವರು ತಾವಾಗಿಯೇ ಹಿಂದೆ ಸರಿದರು. ಭಾವನ ಕಿವಿ ಕೆಂಪಾಯಿತು. "ನಿನ್ನ ಬಾಯಿಗೆ ಬೀಗ ಇಲ್ವಾ? ಬೋರ್ಡ್ ಒಂದು, ಕೆಲಸ ಇನ್ನೊಂದು ಆದ್ರೆ ಯಾರಪ್ಪನ ಗಂಟು ಹೋಗುತ್ತೆ?" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

"ಬೋರ್ಡ್ ನೋಡಿ ನಾಳೆ ಮದುಮಗಳು ಒಳಗೆ ಬಂದ್ರೆ ನೀವು ಬಂದು ಉತ್ತರ ಹೇಳ್ತೀರಾ ಭಾವ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ. ಇಷ್ಟು ವರ್ಷ ಅದುಮಿಟ್ಟಿದ್ದ ಸಿಟ್ಟು ಮಾತಾಗಿ ಹೊರಬಿತ್ತು. "ಹಿಂಬಾಗಿಲಿಂದ ಕರೀತಾರೆ, ಹಿಂಬಾಗಿಲಿಂದ ಕಳಿಸ್ತಾರೆ. ನಾನೇನು ಕಳ್ಳತನ ಮಾಡ್ತಿದೀನಾ? ನಿಮ್ಮಮ್ಮ ಹೋದಾಗ ಅವರ ತಲೆ ಬಾಚಿದ್ದು ಯಾರು? ನಿದ್ದೆ ಮಾಡೋ ಹಾಗೇ ಇದಾರೆ ಅಂತ ನೀವೇ ಬಂದವರಿಗೆಲ್ಲ ಹೇಳಿದ್ರಲ್ಲ. ಅವತ್ತು ಅವರು ಬ್ಯೂಟಿ ಪಾರ್ಲರಿಗೆ ಹೋಗಿ ಬಂದಿದ್ರಾ?"

ಭಾವನಿಗೆ ಮಾತು ನಾಟಿತ್ತು, ಆದರೆ ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಅಂಗಡಿಯ ಕೀಲಿಯಿದ್ದ ಜೇಬನ್ನು ಅಂಗೈಯಿಂದ ಒತ್ತಿ ಹಿಡಿದ. "ಹಾಗೇ ಬರೆಸೋದಾದ್ರೆ ಕೀಲಿ ಇಲ್ಲ. ನಿಮ್ಮಕ್ಕ ಬಂದು ಕೇಳಿದ್ರೂ ಇಲ್ಲ."

"ಇಟ್ಕೊಳ್ಳಿ."

ಆತ ಹಿಂದಿರುಗಿ ನೋಡದೆ ಹೊರಟ. ಕನ್ನಡಕದಾಕೆಗೆ ಕಸಿವಿಸಿಯಾಯಿತು. "ಇನ್ನೂ ದಾಖಲಾಗಿಲ್ಲ ಅಕ್ಕ. ಬೇಕಿದ್ರೆ ಯೋಚನೆ ಮಾಡಿ ನಾಳೆ ಬನ್ನಿ."

"ಯೋಚನೆ ಮಾಡೇ ಬಾಯಿಬಿಟ್ಟಿದ್ದು. ಇದ್ದದ್ದನ್ನ ಇದ್ದ ಹಾಗೆ ಬರೆಸಮ್ಮ."

ಸಹಾಯಕ ಪುಸ್ತಕದಿಂದ ಓದಿತು: "ಅಂತ್ಯಕ್ರಿಯೆ ಮತ್ತು ಅದಕ್ಕೆ ಸಂಬಂಧಿಸಿದ ಸೇವೆಗಳು. ಮೃತದೇಹವನ್ನು ಸಿದ್ಧಪಡಿಸುವ ಕೆಲಸ ಇದರಲ್ಲಿ ಸೇರಿದೆ." ತನ್ನ ಕೆಲಸವನ್ನು ಯಾರೋ ಎಲ್ಲೋ ಮರ್ಯಾದೆಯಿಂದ ಅಚ್ಚು ಹಾಕಿಸಿದ್ದಾರೆಂಬುದು ಅವಳಿಗೆ ಈವರೆಗೆ ಗೊತ್ತೇ ಇರಲಿಲ್ಲ. ಇನ್ನೊಂದು ಸಲ ಓದಿಸಿ ಕೇಳಿದಳು. ಕಣ್ಣು ತುಂಬಿ ಬಂದದ್ದನ್ನು ಯಾರಿಂದಲೂ ಮುಚ್ಚಿಡಲಿಲ್ಲ.

"ಕೋಡ್ ದಾಖಲಾಯಿತು," ಎಂದಿತು ಸಹಾಯಕ. "ಕೆಲಸ ನಡೆಯುವ ವಿಳಾಸ ಹೇಳಿ."

ಕನ್ನಡಕದಾಕೆ ಬಾಗಿಲ ಕಡೆ ನೋಡಿದಳು. ಭಾವ ಆಗಲೇ ಬೀದಿಗಿಳಿದಾಗಿತ್ತು.

"ಸಾವಾದ ಮನೆ ಅಂತ ಬರ್ಕೊ," ಎಂದಳು ನಾದಿನಿ. "ಯಾವ ಬೀದಿ ಅಂತ ಕೇಳ್ಬೇಡ. ಎಲ್ಲಾ ಬೀದೀಲೂ ಇರುತ್ತೆ."