ಬಡಕಲು ಫ್ಯೂಸು

ಆ ಮನೆಯ ಹಳೇ ಡಬ್ಬಾ ಟಿವಿ ತಿಂಗಳಲ್ಲಿ ನಾಲ್ಕನೇ ಸಲ ಸತ್ತಿತ್ತು. ಮೊದಲ ಮೂರು ಸಾವಿಗೂ ರಿಪೇರಿಯ ಯೋಗಾನಂದನೇ ಕಾರಣ. ಮನೆಯ ಮಗಳನ್ನು ಮತ್ತೆ ನೋಡುವ ಆಸೆಗೆ, ಬಂದಾಗಲೆಲ್ಲ ಬೇಗ ಸುಟ್ಟುಹೋಗುವ ಬಡಕಲು ಫ್ಯೂಸನ್ನೇ ಹಾಕಿ ಹೋಗುತ್ತಿದ್ದ. ಇವತ್ತು ನೋಡಿದರೆ ಆ ಫ್ಯೂಸು ಸುಡದೆ ಹಾಗೇ ಇದೆ, ಆದರೂ ಟಿವಿಯೊಳಗೆ ಎಲ್ಲಿ ಮುಟ್ಟಿಸಿದರೂ ಮೀಟರಿನ ಮುಳ್ಳು ಕದಲುತ್ತಿಲ್ಲ!

"ಇವತ್ತು ಸರಿ ಹೋಗ್ಲಿಲ್ಲ ಅಂದ್ರೆ ನಾಳೆಯಿಂದ ಬೇರೆಯವನ್ನ ಕರೀತೀನಿ ಕಣಯ್ಯಾ," ಎಂದು ಗುಡುಗಿ ಅವಳಪ್ಪ ಹಿತ್ತಿಲಿಗೆ ಹೋದರು.

ಯೋಗಾನಂದ ಮತ್ತೆ ಟಿವಿಯೊಳಗೆ ತಲೆ ತೂರಿಸಿದ. ಕಾಫಿ ತಂದ ಅವಳು ಲೋಟ ಕೊಡುತ್ತಾ ಪಿಸುಗುಟ್ಟಿದಳು:

"ಪ್ಲಗ್ ಬಿಚ್ಚಿ ನೋಡಿ, ವೈರ್ ಕಿತ್ತಿದ್ದು ನಾನೇ. ನಿಮ್ಮ ಬಡಕಲು ಫ್ಯೂಸು ಈ ಸಲ ಹತ್ತು ದಿನ ಆದ್ರೂ ಸುಡ್ಲೇ ಇಲ್ವಲ್ಲ!"