ಎಂಟು ದಿನದ ಕೂಸು

ರೋಗ ಊರಿಗೆ ಬಂದಂದಿನಿಂದ ನೀಲವ್ವ ಯಾರಿಗೂ ಬಾಗಿಲು ತೆರೆದಿರಲಿಲ್ಲ. ಒಳಗೆ ಬಾಣಂತಿ ಮಗಳಿದ್ದಳು, ಎಂಟು ದಿನದ ಕೂಸಿತ್ತು. ಹಾಲಿನ ಪಾಕೀಟನ್ನೂ ಸಾಬೂನು ಹಚ್ಚಿ ತೊಳೆದೇ ಒಳಗೆ ಒಯ್ಯುತ್ತಿದ್ದಳು. ಸ್ವಂತ ಅಳಿಯ ಕೂಡ ಕೂಸಿನ ಮುಖವನ್ನು ಕಿಟಕಿಯಿಂದಲೇ ನೋಡಿ ಹೋಗಿದ್ದ.

ಆಶಾ ಕಾರ್ಯಕರ್ತೆ ಶಂಕ್ರವ್ವ ಬಂದಾಗ ಮಾತ್ರ ಮರುಮಾತಿಲ್ಲದೆ ಅಗುಳಿ ತೆಗೆದಳು.

ಶಂಕ್ರವ್ವ ಕೈ ತೊಳೆದುಕೊಂಡು ಕೂಸನ್ನು ತೂಗಿದಳು, ಹೊಕ್ಕುಳು ನೋಡಿದಳು, ಅಳತೊಡಗಿದಾಗ ಎದೆಗೆ ಆನಿಸಿಕೊಂಡು ಸಮಾಧಾನ ಮಾಡಿದಳು.

"ತೂಕ ಚಲೋ ಐತಿ. ಆದ್ರ ಈ ಓಣ್ಯಾಗ ಯಾರ್ನೂ ನಂಬಬ್ಯಾಡ ನೀಲವ್ವಾ. ಜ್ವರ ಬಂದ್ರೂ ಮುಚ್ಚಿಡಾಕತ್ತಾರ."

"ಯಾಕ ಮುಚ್ಚಿಡ್ತಾರ್ರಿ?"

"ಅಂಜಿಕಿ. ಗೊತ್ತಾದ್ರ ಎತ್ತಿಕೊಂಡ ಹೋಗ್ತಾರ, ಮನಿಗೆ ತಗಡು ಬಡೀತಾರ ಅಂತ."

"ನಾ ಯಾರಿಗೂ ಬಾಗ್ಲಾ ತೆಗಿಯೂದಿಲ್ರಿ ಅಕ್ಕಾರ. ನಿಮಗಷ್ಟ."

ಶಂಕ್ರವ್ವ ಕೂಸನ್ನು ಬಾಣಂತಿಯ ಮಡಿಲಿಗೆ ಕೊಟ್ಟು ಹೊರಬಿದ್ದಳು. ಓಣಿಯ ಕೊನೆಗೆ, ಯಾರೂ ಇಲ್ಲದ ಕಡೆ ನಿಂತು, ಆಸ್ಪತ್ರೆಯ ನರ್ಸ್‌ಗೆ ಫೋನ್ ಮಾಡಿದಳು.

"ಸಿಸ್ಟರ್, ನಾಳಿಂದ ನನ್ನ ಬದಲಿ ಬ್ಯಾರೇದಾರ್ನ ಕಳಸ್ರಿ."

"ಬ್ಯಾರೇದಾರು ಎಲ್ಲಿದಾರ? ಇರಾಕಿ ನೀ ಒಬ್ಬಾಕಿ. ಇನ್ನೂ ನಾಕ ಬಾಣಂತ್ಯಾರ ಮನಿಗೆ ಹೋಗೂದೈತಿ. ಯಾಕ, ಏನಾತು?"

"ಏನಿಲ್ರಿ. ಹೋಗ್ತೀನಿ."

ಫೋನ್ ಇಟ್ಟು, ಮಾಸ್ಕ್ ಕೆಳಗೆಳೆದು, ಜ್ವರದ ಗುಳಿಗೆಯೊಂದನ್ನು ನುಂಗಿದಳು. ಮುಂಜಾನೆಯಿಂದ ಅದು ಮೂರನೆಯದು.