ಕೈಗೆ ಸಿಕ್ಕ ಬಟ್ಟಲು

ಶನಿವಾರ ಮಧ್ಯಾಹ್ನ ಚರ್ಚಿನ ಹಿಂದಿನ ನಲ್ಲಿಯಲ್ಲಿ, ಎಲ್ಲರೂ ಅಕ್ಕ ಎಂದೇ ಕರೆಯುವ ಚರ್ಚಿನ ಕೆಲಸದಾಕೆ ಎರಡು ಬೆಳ್ಳಿ ಬಟ್ಟಲು ತೊಳೆಯುತ್ತಿದ್ದಾಗ, ಒಂದರ ಹಿಡಿಗೆ ಕಟ್ಟಿದ್ದ ಕೆಂಪು ದಾರ ಕಳಚಿ ನೀರಿನ ಜೊತೆ ಚರಂಡಿಗೆ ಹೋಯಿತು. ನಲ್ಲಿ ಸೋರುತ್ತದೆ ಎಂಬ ದೂರು ಕೇಳಿ ನೋಡಲು ಬಂದಿದ್ದ ಸಭೆಯ ಕಾರ್ಯದರ್ಶಿ ಅದನ್ನು ಕಣ್ಣಾರೆ ಕಂಡರು.

"ಅಯ್ಯೋ! ದಾರದ್ದು ಯಾವುದು?"

ಅಕ್ಕ ಎರಡನ್ನೂ ಎತ್ತಿ ಹಿಡಿದು ನೋಡಿದಳು. "ಎರಡೂ ಬೆಳ್ಳೀದೇ, ಸಾರ್."

ದಾರದ ಬಟ್ಟಲು ಮುಂದಿನ ಬೆಂಚಿನವರದು, ದಾರವಿಲ್ಲದ್ದು ಹಿಂದಿನ ಬೆಂಚಿನವರದು. ಮುಂದಿನವರ ಅಜ್ಜಂದಿರ ಹೊಲದಲ್ಲಿ ಹಿಂದಿನವರ ಅಜ್ಜಂದಿರು ಜೀತ ಮಾಡಿದ್ದರು. ಆಮೇಲೆ ಎಲ್ಲರೂ ಒಂದೇ ನೀರಿನಲ್ಲಿ ದೀಕ್ಷಾಸ್ನಾನ ಪಡೆದು, ಒಂದೇ ಪುಸ್ತಕ ನೋಡಿ ಹಾಡಿ, ಒಬ್ಬನೇ ತಂದೆಗೆ ಕೈಮುಗಿದರೂ, ಪ್ರಭುಭೋಜನದಲ್ಲಿ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯುವ ಹೊತ್ತಿಗೆ ಸರಿಯಾಗಿ ಅಜ್ಜಂದಿರು ಎದ್ದು ಕೂರುತ್ತಿದ್ದರು.

ಅರ್ಧ ಗಂಟೆಯಲ್ಲಿ ಕಮಿಟಿ ಸೇರಿತು. ಐವರಿಗೆ ಐವರೂ ಮುಂದಿನ ಬೆಂಚಿನವರು. ಅಕ್ಕಸಾಲಿಗನನ್ನು ಕರೆಸಿ ತೂಗಿಸಿದರು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಒಬ್ಬರು ಮೂಸಿ ನೋಡಿದರು. ಎರಡರಲ್ಲೂ ಸೋಪಿನ ವಾಸನೆ. ಹಲ್ಲಿನ ಡಾಕ್ಟರು ಭೂತಗನ್ನಡಿ ಹಿಡಿದು ಅಂಚಿನಲ್ಲಿ ತುಟಿಯ ಗುರುತು ಹುಡುಕಿದರು. ಅವರಿಗೆ ಕಂಡದ್ದು ತಮ್ಮದೇ ಮೂಗು.

ಪಾಸ್ಟರ್ ಮೂಲೆಯಲ್ಲಿ ಕೂತಿದ್ದರು. ಅವರು ಈ ಸಭೆಗೆ ಬಂದು ನಾಲ್ಕು ವರ್ಷ. "ಏನು ಬೇಕಾದರೂ ಮಾಡಿ, ಬಟ್ಟಲಿನ ವಿಷಯ ಮಾತ್ರ ಕೆದಕಬೇಡಿ" ಎಂದು ಮೊದಲ ದಿನವೇ ಕಿವಿಮಾತು ಸಿಕ್ಕಿತ್ತು. ಮನೆ, ಮಕ್ಕಳ ಶಾಲೆ, ಎಲ್ಲ ಈ ಚರ್ಚಿನ ಕಾಂಪೌಂಡಿನೊಳಗೇ ಇತ್ತು. ಕೆದಕಿರಲಿಲ್ಲ. ಪ್ರತಿ ಭಾನುವಾರ ನ್ಯಾಯದ ಮೇಲೆ ಪ್ರಸಂಗ ಮಾಡಿ, ಇಳಿದು ಬಂದು ಒಂದಾದ ಮೇಲೊಂದು ಎರಡು ಬಟ್ಟಲು ಎತ್ತುತ್ತಿದ್ದರು.

ಕಾರ್ಯದರ್ಶಿ ಅಕ್ಕನನ್ನು ಒಳಗೆ ಕರೆದರು. "ಇಷ್ಟು ವರ್ಷ ಬಿಚ್ಚದ ದಾರ ಇವತ್ತು ಹೇಗೆ ಬಿಚ್ಚಿತು?"

"ಬಿಚ್ಚಿಲ್ಲ ಅಂತ ಯಾರು ಹೇಳಿದ್ರು? ತೊಳೆದಾಗಲೆಲ್ಲ ಬಿಚ್ಚುತ್ತೆ. ಒದ್ದೆ ದಾರ ಅಲ್ವಾ, ಜಾರುತ್ತೆ. ಒಣಗಿಸಿ ಮತ್ತೆ ಕಟ್ತಿದ್ದೆ."

"ಯಾವುದಕ್ಕೆ?"

"ಕೈಗೆ ಸಿಕ್ಕಿದ್ದಕ್ಕೆ."

ಒಬ್ಬರು ಎದ್ದು ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದರು.

"ಎಷ್ಟು ವರ್ಷದಿಂದ?" ಕಾರ್ಯದರ್ಶಿ ಕೇಳಿದರು.

"ಹದಿನೇಳು. ನೀವ್ಯಾರೂ ಕೇಳಲೇ ಇಲ್ಲ."

"ನಾಳೆಯಿಂದ ನೀನು ಬರೋದು ಬೇಡ."

"ಸರಿ," ಎಂದಳು ಅಕ್ಕ. ಹೆಗಲ ಮೇಲಿದ್ದ ಬಿಳಿ ಬಟ್ಟೆಯನ್ನು ಮೇಜಿನ ಮೇಲಿಟ್ಟಳು. "ಒರೆಸೋದು ಬಾಕಿ ಇದೆ. ಕಲೆ ಬೀಳೋ ಮುಂಚೆ ಒರೆಸಿಬಿಡಿ."

ಯಾರೂ ಕೈ ಚಾಚಲಿಲ್ಲ. ಎರಡರಲ್ಲಿ ಒಂದು ಆ ಕಡೆಯವರದು. ಯಾವುದೆಂದು ಯಾರಿಗೆ ಗೊತ್ತು? ಬಟ್ಟಲುಗಳ ಮೇಲಿನ ಕೊನೆಯ ಹನಿಗಳು ಒಣಗುತ್ತಿದ್ದವು. ಕೊನೆಗೆ ಪಾಸ್ಟರ್ ಎದ್ದು ಬಂದು ಬಟ್ಟೆ ತೆಗೆದುಕೊಂಡರು. ಎರಡನ್ನೂ ಒರೆಸಿಟ್ಟರು.

"ನಾಳೆ ಒಂದೇ ಬಟ್ಟಲು," ಎಂದರು.

"ಯಾವುದು?" ಐದು ಬಾಯಿಗಳು ಒಟ್ಟಿಗೆ ಕೇಳಿದವು.

"ಕೈಗೆ ಸಿಕ್ಕಿದ್ದು. ಅಕ್ಕ ಎಲ್ಲೂ ಹೋಗಲ್ಲ. ಅವರನ್ನು ಕಳಿಸಿದರೆ ನಾನೂ ಗಂಟುಮೂಟೆ ಕಟ್ತೀನಿ."

"ಬಿಷಪ್ಪರಿಗೆ ಬರೀತೀನಿ!" ಎಂದರು ಕಾರ್ಯದರ್ಶಿ.

"ಬರೀರಿ. ದಾರದ ವಿಷಯಾನೂ ಬಿಡದೆ ಬರೀರಿ."

ದಾರದ ಸುದ್ದಿ ರಾತ್ರಿಯೇ ಮನೆಮನೆ ತಲುಪಿತ್ತು. ಭಾನುವಾರ ಪಾಸ್ಟರ್ ಒಂದೇ ಬಟ್ಟಲು ಎತ್ತಿ ನಿಂತರು. ಹಿಂದಿನ ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅಳುಕುತ್ತಲೇ ಎದ್ದು ಸಾಲಾದರು. ಮುಂದಿನವರು ಬೆಂಚಿಗೆ ಅಂಟಿಕೊಂಡವರಂತೆ ಕೂತಿದ್ದರು. ಆಗ ಮೊದಲ ಬೆಂಚಿನಿಂದ ಕಾರ್ಯದರ್ಶಿಯ ತಾಯಿ ಕೋಲೂರಿಕೊಂಡು ಎದ್ದರು. ಎಂಬತ್ತೆರಡು ವರ್ಷ, ಎರಡೂ ಮಂಡಿ ಕೈಕೊಟ್ಟಿದ್ದವು.

"ಅಮ್ಮಾ, ಕೂತ್ಕೋ," ಮಗ ಪಿಸುಗುಟ್ಟಿದರು.

"ಹದಿನೇಳು ವರ್ಷ ಕುಡಿದು ಸಾಯಲಿಲ್ಲ. ಇವತ್ತು ಸಾಯ್ತೀನೇನೋ? ಬಿಡು ಕೈ."

ಮುದುಕಿ ಕುಂಟುತ್ತ ಹೋಗಿ ಸಾಲಿನ ಕೊನೆಯಲ್ಲಿ ನಿಂತರು. ಅವರ ಮುಂದಿದ್ದ ಬೀದಿ ಗುಡಿಸುವವನು ಗಾಬರಿಯಿಂದ ಪಕ್ಕಕ್ಕೆ ಸರಿದ. "ಅಮ್ಮೋರೇ, ನೀವು ಮುಂದೆ ಹೋಗಿ."

"ಬೇಡಪ್ಪ, ನೀನು ಮೊದಲು ಬಂದವನು. ಸ್ವಲ್ಪ ಹೆಗಲು ಕೊಡು, ಕಾಲು ನಿಲ್ತಿಲ್ಲ."

ಅಮ್ಮನ ಕೈ ಆ ಹೆಗಲ ಮೇಲೆ ಕೂತದ್ದನ್ನು ನೋಡಲಾರದೆ ಕಾರ್ಯದರ್ಶಿ ದಡಬಡ ಓಡಿಬಂದು ಅವರ ತೋಳು ಹಿಡಿದು ನಿಂತರು. ಅಷ್ಟೇ ಸಾಕಾಯಿತು. ಕಾರ್ಯದರ್ಶಿಗಳೇ ಸಾಲಿನಲ್ಲಿದ್ದಾರೆ ಎಂದಮೇಲೆ ಕಮಿಟಿ ತಮ್ಮನ್ನು ಬಿಟ್ಟು ರಾತ್ರೋರಾತ್ರಿ ಏನೋ ನಿರ್ಣಯ ಮಾಡಿರಬೇಕು ಎಂದುಕೊಂಡು ಹಲ್ಲಿನ ಡಾಕ್ಟರು ಎದ್ದರು. ಡಾಕ್ಟರೇ ಎದ್ದಮೇಲೆ ಅವರ ಹೆಂಡತಿ, ಹಿಂದೆಯೇ ಎರಡನೆಯ ಬೆಂಚು, ಮೂರನೆಯ ಬೆಂಚು. ಕಾರ್ಯದರ್ಶಿ ತಿರುಗಿ ನೋಡಿದಾಗ ಸಾಲು ಬಾಗಿಲಿನವರೆಗೆ ಬೆಳೆದಿತ್ತು. ಬೆನ್ನ ಹಿಂದೆ ನಿಂತವರು ಮೆಲ್ಲಗೆ ತಳ್ಳುತ್ತಿದ್ದರು.

ತಾಯಿ ಕುಡಿದು, ತುಟಿ ಒರೆಸಿಕೊಂಡು ಪಕ್ಕಕ್ಕೆ ಸರಿದರು. ಬಟ್ಟಲು ಕಾರ್ಯದರ್ಶಿಯ ಮೂಗಿನ ಕೆಳಗೆ ಬಂದು ನಿಂತಿತು.

"ನಾನು ಸಾಲಿಗೆ ಬಂದವನಲ್ಲ," ಎಂದರು ಕಾರ್ಯದರ್ಶಿ, ಬೆವರುತ್ತ. "ಅಮ್ಮನ ಜೊತೆ ಬಂದೆ, ಅಷ್ಟೇ."

"ಇಲ್ಲಿ ಎಲ್ಲರೂ ಯಾರ ಜೊತೆಗೋ ಬಂದವರೇ, ಸಾರ್," ಎಂದರು ಪಾಸ್ಟರ್. "ಬಾಯಿ ತೆಗೀರಿ."